ನಾಲ್ಕು ಕೈಯ ಗೋರೋ: ವಿಡಿಯೊ ಗೇಮಿನ ಬಣ್ಣದ ವೇಷ

ರಜೆ ಸಿಕ್ಕಿದ ಮೇಲೆ ನಮ್ಮ ಮನೆಯ ಟಿವಿ ನಮ್ಮದಲ್ಲ. ಸುರತ್ಕಲ್ಲಿನಿಂದ ಬಂದ ಅಕ್ಕನ ಮಗ ಬೆಳಿಗ್ಗೆ ನೀರ್ದೋಸೆ ತಿಂದು ಅದರ ಎದುರು ಕೂತರೆ, ಊಟಕ್ಕೆ ಕರೆದಾಗಲೇ ಏಳುವುದು. ಈ ಸಲ ಅವನು ಹಿಡಿದುಕೊಂಡಿರುವುದು ಅವನಿಗಿಂತ ಹಳೆಯ ಆಟ. ಮೂವತ್ತು ವರ್ಷ ಹಿಂದಿನ ಗೇಮುಗಳನ್ನು ಈಗಿನ ಯಂತ್ರಗಳಿಗೆ ಹೊಂದಿಸಿ ಮತ್ತೆ ಮಾರುತ್ತಾರಲ್ಲ, ಅಂಥದ್ದು.

ಹಪ್ಪಳ ಒಣಗಿಸಲು ತಾರಸಿಗೆ ಹೊರಟಿದ್ದ ದೊಡ್ಡಮ್ಮ ಟಿವಿ ಎದುರು ನಿಂತುಬಿಟ್ಟರು. ಪರದೆಯಲ್ಲಿ ಒಬ್ಬ ದೈತ್ಯ. ತಲೆಗೆ ಜುಟ್ಟು, ಸೊಂಟಕ್ಕೊಂದು ತುಂಡು ಬಟ್ಟೆ, ಎರಡಲ್ಲ, ನಾಲ್ಕು ಕೈ.

"ಇದೆಂತ ಮಾರಾಯ, ದೇವರಾ ರಾಕ್ಷಸನಾ?"

"ಗೋರೋ ಅಜ್ಜಿ. ಬಾಸ್."

"ಯಾರಿಗೆ ಬಾಸ್?"

ಹುಡುಗನ ಹತ್ತಿರ ಉತ್ತರ ಕೊಡಲು ಪುರುಸೊತ್ತು ಇರಲಿಲ್ಲ. ಅಷ್ಟರಲ್ಲಿ ಅವನು ಸೋತಿದ್ದ. ದೊಡ್ಡಮ್ಮ ಕೇಳಿದ್ದು ಒಳ್ಳೆಯ ಪ್ರಶ್ನೆಯೇ. ಮಕ್ಕಳು ದಿನವಿಡೀ "ಬಾಸ್ ಬಂತು, ಬಾಸ್ ಹೋಯ್ತು" ಅನ್ನುವ ಮನೆಗಳಲ್ಲಿ ದೊಡ್ಡವರಿಗೆ ಇದು ಎಂತ ಅಂತ ಗೊತ್ತಿರುವುದಿಲ್ಲ. ಹಾಗಾಗಿ ಬುಡದಿಂದಲೇ ಶುರು ಮಾಡೋಣ.

ಮೊದಲು ಆಟ ಎಂಥದ್ದು

ಹೋರಾಟದ ಆಟ, ಅಂದರೆ ಫೈಟಿಂಗ್ ಗೇಮ್, ನೋಡಲು ಸರಳ. ಪರದೆಯ ಎಡಕ್ಕೊಬ್ಬ, ಬಲಕ್ಕೊಬ್ಬ. ಕೋಳಿ ಅಂಕದಲ್ಲಿ ಎರಡು ಹುಂಜ ಎದುರು ಬದುರು ನಿಂತ ಹಾಗೆ. ಮೇಲೆ ಇಬ್ಬರಿಗೂ ಒಂದೊಂದು ಉದ್ದ ಪಟ್ಟಿ ಇರುತ್ತದೆ. ಏಟು ಬಿದ್ದ ಹಾಗೆ ಆ ಪಟ್ಟಿ ಟ್ಯಾಂಕಿಯ ನೀರಿನಂತೆ ಇಳಿಯುತ್ತದೆ. ಯಾರದ್ದು ಮೊದಲು ಖಾಲಿಯೋ ಅವನು ಆ ಸುತ್ತು ಸೋತ. ಎರಡು ಸುತ್ತು ಮೊದಲು ಗೆದ್ದವನಿಗೆ ಪಂದ್ಯ.

ಈ ಆಟಗಳು ಹುಟ್ಟಿದ್ದು ಮನೆಯಲ್ಲಲ್ಲ, ಆರ್ಕೇಡಿನಲ್ಲಿ. ಆರ್ಕೇಡ್ ಅಂದರೆ ನಾಣ್ಯವನ್ನೋ ಟೋಕನ್ನನ್ನೋ ಹಾಕಿ ನಿಂತು ಆಡುವ, ಕಪಾಟಿನಷ್ಟು ಎತ್ತರದ ಯಂತ್ರಗಳ ಜಾಗ. ಈಗ ಮಾಲ್‌ಗಳ ಗೇಮ್ ಝೋನಿನಲ್ಲಿ ಕಾಣುವುದು ಅದರದ್ದೇ ಮೊಮ್ಮಕ್ಕಳು.

ಗೋರೋ ಬರುವ ಆಟದ ಹೆಸರು ಮಾರ್ಟಲ್ ಕಾಂಬ್ಯಾಟ್. ಅಮೆರಿಕದ ಶಿಕಾಗೋದ ಮಿಡ್‌ವೇ ಕಂಪೆನಿ ಇದನ್ನು ಆರ್ಕೇಡಿಗೆ ಬಿಟ್ಟದ್ದು 1992ರಲ್ಲಿ. ಮುಖ್ಯವಾಗಿ ಮಾಡಿದವರು ನಾಲ್ಕೇ ಜನ. ಪ್ರೋಗ್ರಾಮ್ ಬರೆದದ್ದು ಎಡ್ ಬೂನ್, ಪಾತ್ರಗಳನ್ನೂ ಕತೆಯನ್ನೂ ಕಟ್ಟಿದ್ದು ಜಾನ್ ಟೋಬಿಯಾಸ್, ಹಿನ್ನೆಲೆಯ ಚಿತ್ರಗಳಿಗೆ ಜಾನ್ ವೋಗಲ್, ಸದ್ದಿಗೆ ಡ್ಯಾನ್ ಫೋರ್ಡನ್. ಅಲ್ಲಿಂದ ಶುರುವಾದ ಸರಣಿ ಇವತ್ತಿಗೂ ನಿಂತಿಲ್ಲ.

ಬಾಸ್ ಅಂದರೆ ಯಾರು?

ಜೊತೆಗೆ ಆಡಲು ಯಾರೂ ಇಲ್ಲದಿದ್ದರೆ ಯಂತ್ರವೇ ಎದುರಾಳಿಗಳನ್ನು ಒಬ್ಬೊಬ್ಬರಾಗಿ ಕಳಿಸುತ್ತದೆ. ಮೊದಲನೆಯ ಮಾರ್ಟಲ್ ಕಾಂಬ್ಯಾಟಿನಲ್ಲಿ ನಾವು ಆರಿಸಿಕೊಳ್ಳಬಹುದಾದ ಪಾತ್ರಗಳು ಏಳು. ಒಂದನ್ನು ನಾವು ತೆಗೆದುಕೊಂಡರೆ ಉಳಿದ ಆರು ಜನರ ಜೊತೆ ಹೊಡೆದಾಟ. ಆಮೇಲೆ ನಮ್ಮದೇ ಪ್ರತಿರೂಪದ ಜೊತೆ ಒಂದು. ಆಮೇಲೆ ಮೂರು ಪಂದ್ಯಗಳಲ್ಲಿ ಒಬ್ಬನನ್ನು ಬೀಳಿಸಿದ ಕೂಡಲೇ ಇನ್ನೊಬ್ಬ ಹಾರಿ ಬರುತ್ತಾನೆ, ಉಸಿರು ಬಿಡಲೂ ಸಮಯ ಇಲ್ಲ. ಇಷ್ಟೆಲ್ಲ ದಾಟಿದವನಿಗೆ ಮಾತ್ರ ಗೋರೋನ ದರ್ಶನ. ಹೀಗೆ ದಾರಿಯ ಕೊನೆಗೆ ಅಡ್ಡ ನಿಲ್ಲುವ, ಉಳಿದವರಿಗಿಂತ ಜಾಸ್ತಿ ಬಲದ ಪಾತ್ರವೇ ಬಾಸ್. ಲೆಕ್ಕಕ್ಕೆ ನೋಡಿದರೆ ಗೋರೋ ಉಪ-ಬಾಸ್. ಅವನ ಹಿಂದೆ ಶಾಂಗ್ ಸುಂಗ್ ಅನ್ನುವ ಮಂತ್ರವಾದಿ ಇದ್ದಾನೆ.

ತೆಂಕುತಿಟ್ಟಿನ ಯಕ್ಷಗಾನ ನೋಡಿದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ದೊಡ್ಡಮ್ಮನಿಗೆ ನಾನು ಹೇಳಿದ್ದೂ ಅದನ್ನೇ: "ಬಣ್ಣದ ವೇಷ ದೊಡ್ಡಮ್ಮ, ಅಷ್ಟೇ." ಬಣ್ಣದ ವೇಷ ಅಂದರೆ ಯಕ್ಷಗಾನದ ರಾಕ್ಷಸ ವೇಷ. ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಚುಟ್ಟಿ ಇಡಲು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಗಂಟೆಗಟ್ಟಲೆ ಬೇಕು. ಬಣ್ಣದ ಮಾಲಿಂಗರಂಥ ಹಿರಿಯರ ಹೆಸರಿಗೇ ಬಣ್ಣ ಅಂಟಿಕೊಂಡಿತ್ತು. ಆ ವೇಷ ಕತ್ತಲಾದ ಕೂಡಲೇ ಬರುವುದಿಲ್ಲ. ಪುಂಡುವೇಷ, ರಾಜವೇಷ, ಸ್ತ್ರೀವೇಷ ಎಲ್ಲ ಬಂದು, ಪ್ರೇಕ್ಷಕರಲ್ಲಿ ಅರ್ಧ ಜನ ತೂಕಡಿಸಲು ಶುರು ಮಾಡಿದ ಮೇಲೆ ಅದರ ಹೊತ್ತು. ಅದೂ ಸೀದಾ ಬಂದು ನಿಲ್ಲುವುದಲ್ಲ. ಮೊದಲು ತೆರೆಯ ಹಿಂದಿನಿಂದ ಆರ್ಭಟ. ಚೆಂಡೆ ಏರುತ್ತದೆ. 'ದೇವಿ ಮಹಾತ್ಮೆ'ಯ ಮಹಿಷಾಸುರನಂತೂ ಪ್ರೇಕ್ಷಕರ ನಡುವಿನಿಂದಲೇ ದೊಂದಿಯ ಬೆಳಕಿನಲ್ಲಿ ಬರುತ್ತಾನೆ. ರಾಳದ ಪುಡಿ ಎರಚಿದರೆ ಬೆಂಕಿ ಭಗ್ಗನೆ ಏಳುತ್ತದೆ. ತೂಕಡಿಸುತ್ತಿದ್ದವರೆಲ್ಲ ಎದ್ದು ಕೂರುತ್ತಾರೆ.

ಶಿಕಾಗೋದ ಆ ನಾಲ್ವರೂ ಹೆಚ್ಚು ಕಡಿಮೆ ಇದನ್ನೇ ಮಾಡಿದ್ದಾರೆ. ಯಾರೂ ನಾಣ್ಯ ಹಾಕದೆ ಯಂತ್ರ ಸುಮ್ನೆ ನಿಂತಿರುವಾಗಲೂ ಪರದೆಯಲ್ಲಿ ಗೋರೋನ ಪರಿಚಯ ಬಂದು ಹೋಗುತ್ತಿತ್ತು. ಇವನು ಐನೂರು ವರ್ಷದಿಂದ ಸೋತಿಲ್ಲ ಅಂತ. ಅಂದರೆ ಆಡುವವನು ಅವನನ್ನು ಎದುರಿಸುವ ಮೊದಲೇ ಅವನ ಆರ್ಭಟ ಕೇಳಿಯಾಗಿದೆ. ಕೊನೆಗೂ ಎದುರಾಗುವುದು ನೆಲದಡಿಯ ಗುಹೆಯಲ್ಲಿ. ಮೂಳೆಗಳು ಬಿದ್ದ ಜಾಗ, ಹಿಂದಿನ ಕತ್ತಲಲ್ಲಿ ಮಿನುಗುವ ಕಣ್ಣುಗಳು.

ಅವನ ಕತೆ

ಕತೆ ದೊಡ್ಡದೇನಲ್ಲ. ಭೂಮಿಯ ಹಾಗೆ ಬೇರೆ ಲೋಕಗಳೂ ಇವೆ. ಅವುಗಳಲ್ಲಿ ಔಟ್‌ವರ್ಲ್ಡ್ ಅನ್ನುವ ಲೋಕದ ಚಕ್ರವರ್ತಿಗೆ ಭೂಮಿ ಬೇಕು. ಸುಮ್ಮನೆ ದಂಡೆತ್ತಿ ಬರಲು ದೇವತೆಗಳು ಬಿಡುವುದಿಲ್ಲ. ಮಾರ್ಟಲ್ ಕಾಂಬ್ಯಾಟ್ ಅನ್ನುವ ಕಾಳಗದ ಪಂದ್ಯಾವಳಿಯನ್ನು ಸತತ ಹತ್ತು ಸಲ ಗೆದ್ದರೆ ಮಾತ್ರ ಭೂಮಿ ಅವರದ್ದು. ಔಟ್‌ವರ್ಲ್ಡ್ ಪರವಾಗಿ ಒಂಬತ್ತು ಸಲ ಗೆದ್ದವನೇ ಗೋರೋ. ಭೂಮಿಯ ಮಹಾವೀರ ಕುಂಗ್ ಲಾವೋನನ್ನು ಕೊಂದು ಅವನು ಪಟ್ಟ ಹಿಡಿದ. ಆಟ ಶುರುವಾಗುವುದು ಹತ್ತನೆಯ ಪಂದ್ಯಾವಳಿಯಲ್ಲಿ. ಕತೆಯ ಪ್ರಕಾರ ಅವನನ್ನು ಕೊನೆಗೆ ಸೋಲಿಸುವುದು ಲಿಯು ಕಾಂಗ್ ಅನ್ನುವ ಸನ್ಯಾಸಿ ತರುಣ.

ಗೋರೋನ ಕುಲಕ್ಕೆ ಶೋಕಾನ್ ಅಂತ ಹೆಸರು. ಅರ್ಧ ಮನುಷ್ಯ, ಅರ್ಧ ಡ್ರ್ಯಾಗನ್. ಅವನು ಕುವಾಟನ್ ಅನ್ನುವ ರಾಜ್ಯದ ರಾಜಕುಮಾರ, ವಯಸ್ಸು ಎರಡು ಸಾವಿರ ವರ್ಷ. ಹೆಸರು ಕೇಳಿ ನಮ್ಮ 'ಘೋರ'ದ ನೆನಪಾದರೆ ಅದು ಕಾಕತಾಳೀಯ. ನನಗಂತೂ ಹಾಗೆ ಬರೆದಿದ್ದರೇ ಚೆಂದ ಅನ್ನಿಸುತ್ತದೆ.

ನಾಲ್ಕು ಕೈಯ ನಟ ಎಲ್ಲಿ ಸಿಗುತ್ತಾನೆ?

ಆ ಕಾಲದ ಬೇರೆ ಗೇಮುಗಳಲ್ಲಿ ಪಾತ್ರಗಳನ್ನು ಕೈಯಲ್ಲಿ ಚಿತ್ರ ಬಿಡಿಸಿ ಮಾಡುತ್ತಿದ್ದರು. ಮಾರ್ಟಲ್ ಕಾಂಬ್ಯಾಟಿನವರು ಬೇರೆ ದಾರಿ ಹಿಡಿದರು. ಕರಾಟೆ, ಕುಂಗ್‌ಫು ಗೊತ್ತಿದ್ದ ನಿಜವಾದ ಮನುಷ್ಯರಿಗೆ ವೇಷ ಹಾಕಿಸಿ, ಒದೆಯುವುದನ್ನು, ಬೀಳುವುದನ್ನು ವಿಡಿಯೊ ಮಾಡಿದರು. ಆ ವಿಡಿಯೊದಿಂದ ಬೇಕಾದ ಭಂಗಿಗಳನ್ನು ಆರಿಸಿ, ಹಿನ್ನೆಲೆ ಕತ್ತರಿಸಿ ಯಂತ್ರದೊಳಗೆ ಕೂರಿಸಿದರು. ಇದಕ್ಕೆ ಡಿಜಿಟೈಸ್ ಮಾಡುವುದು ಅನ್ನುತ್ತಾರೆ. ಮದುವೆ ವಿಡಿಯೊದಿಂದ ಚೆಂದದ ಹತ್ತು ಫೋಟೊ ತೆಗೆದು ಆಲ್ಬಮ್‌ಗೆ ಅಂಟಿಸಿದ ಹಾಗೆ ಅಂತ ಇಟ್ಟುಕೊಳ್ಳಿ. ಆಲ್ಬಮ್‌ನ ಹಾಳೆಗಳನ್ನು ಬೇಗ ಬೇಗ ತಿರುವಿದರೆ ಮದುಮಗ ನಡೆದಾಡಿದ ಹಾಗೆ ಕಾಣುತ್ತದಲ್ಲ, ಹಾಗೆ.

ಯಂತ್ರದ ನೆನಪಿನ ಶಕ್ತಿ ಆಗ ತೀರಾ ಕಡಿಮೆ. ಹಾಗಾಗಿ ಉಳಿತಾಯದ ಉಪಾಯಗಳೂ ಇದ್ದವು. ಹಳದಿ ಬಟ್ಟೆಯ ಸ್ಕಾರ್ಪಿಯನ್, ನೀಲಿ ಬಟ್ಟೆಯ ಸಬ್-ಜೀರೋ ಇಬ್ಬರೂ ಡೇನಿಯಲ್ ಪೆಸಿನಾ ಅನ್ನುವ ಒಬ್ಬನೇ ನಟ. ಮುಖಕ್ಕೆ ಮುಸುಕು, ಬಟ್ಟೆಯ ಬಣ್ಣ ಮಾತ್ರ ಕಂಪ್ಯೂಟರಿನಲ್ಲಿ ಬದಲು. ಮುಸುಕಿಲ್ಲದ ಜಾನಿ ಕೇಜ್ ಕೂಡ ಅವನೇ! ಸಣ್ಣ ಮೇಳದಲ್ಲಿ ಒಬ್ಬನೇ ಕಲಾವಿದ ರಾತ್ರಿಯಿಡೀ ಎರಡು ಮೂರು ವೇಷ ಮಾಡುವುದಿಲ್ಲವಾ?

ಆದರೆ ಗೋರೋ? ನಾಲ್ಕು ಕೈಯ ನಟ ಯಾವ ಊರಲ್ಲೂ ಸಿಗುವುದಿಲ್ಲ. ನಮ್ಮ ರಂಗಸ್ಥಳದಲ್ಲಿ ಈ ತೊಂದರೆಯೇ ಇಲ್ಲ. ಕಾರ್ತವೀರ್ಯನಿಗೆ ಸಾವಿರ ಕೈ ಅಂತ ಭಾಗವತರು ಹಾಡಿ, ಅರ್ಥದಲ್ಲಿ ಎರಡು ಮಾತು ಬಂದರೆ ಸಾಕು. ಎದುರಿಗೆ ಕಾಣುವುದು ಎರಡೇ ಕೈ, ಉಳಿದ ಒಂಬೈನೂರ ತೊಂಬತ್ತೆಂಟನ್ನು ನಾವೇ ಸೇರಿಸಿಕೊಳ್ಳುತ್ತೇವೆ. ಗೇಮಿನಲ್ಲಿ ಹಾಗೆ ಆಗುವುದಿಲ್ಲ. ಆ ಕೈ ಹೊಡೆಯಬೇಕು. ಹೊಡೆಯಬೇಕಾದರೆ ಕಾಣಲೇಬೇಕು.

ಅದಕ್ಕೆ ಅವರು ಗೊಂಬೆ ಮಾಡಿದರು. ಕರ್ಟ್ ಚಿಯಾರೆಲ್ಲಿ ಅನ್ನುವ ಶಿಲ್ಪಿ ಗೋರೋನ ಪುಟ್ಟ ಮೂರ್ತಿ ತಯಾರಿಸಿದ. ಕೈಗೆ ಮೂರೇ ಬೆರಳು. ಆ ಗೊಂಬೆಯ ಕೈಯನ್ನು ಒಂದಿಷ್ಟು ಸರಿಸುವುದು, ಒಂದು ಚಿತ್ರ ತೆಗೆಯುವುದು. ಮತ್ತೆ ಒಂದಿಷ್ಟು ಸರಿಸುವುದು, ಮತ್ತೊಂದು ಚಿತ್ರ. ಎಲ್ಲವನ್ನೂ ಸಾಲಾಗಿ ಓಡಿಸಿದರೆ ಗೊಂಬೆ ಗುದ್ದಿದ ಹಾಗೆ ಕಾಣುತ್ತದೆ. ಇದು ಸ್ಟಾಪ್ ಮೋಷನ್. 1933ರ 'ಕಿಂಗ್ ಕಾಂಗ್' ಸಿನಿಮಾದ ದೈತ್ಯ ಕೋತಿ ಓಡಾಡಿದ್ದೂ ಇದೇ ತಂತ್ರದಿಂದ. ಚೌತಿ ಗಣಪತಿ ಮಾಡುವವರನ್ನು ನೋಡಿದ್ದೀರಲ್ಲ, ಸೊಂಡಿಲು ಒಂದು ಬೆರಳು ಆಚೆ ಹೋದರೆ ಇಡೀ ಮುಖವೇ ಬೇರೆ. ಇಲ್ಲಿ ಪ್ರತಿ ಚಿತ್ರಕ್ಕೂ ಅಂಥ ಸೂಕ್ಷ್ಮ, ಅದೂ ನಾಲ್ಕು ಕೈಗೆ.

ಇದರಿಂದ ಒಂದು ಲಾಭವೂ ಆಯಿತು. ಉಳಿದವರೆಲ್ಲ ವಿಡಿಯೊದಿಂದ ಬಂದ ಮನುಷ್ಯರು, ನಡಿಗೆ ಮನುಷ್ಯರದ್ದೇ. ಗೋರೋನ ಅಲುಗಾಟ ಮಾತ್ರ ಸ್ವಲ್ಪ ಬೇರೆ, ಸ್ವಲ್ಪ ಗೊಂಬೆಯದ್ದು. ಅದನ್ನು ಕುಂದು ಅನ್ನಬಹುದಿತ್ತು. ನನ್ನ ಕಣ್ಣಿಗೆ ಅವನು ಬೇರೆ ಲೋಕದವನು ಅಂತ ನಂಬಿಸುವುದೇ ಆ ತೊಡಕು ನಡಿಗೆ.

ಇದಾಗಿ 1995ರಲ್ಲಿ ಮಾರ್ಟಲ್ ಕಾಂಬ್ಯಾಟ್ ಸಿನಿಮಾ ಬಂದಾಗ ಮತ್ತೆ ಅದೇ ಪ್ರಶ್ನೆ. ಆಗ ಒಳಗೆ ಮನುಷ್ಯ ಇರುವ, ಮುಖವನ್ನು ಯಂತ್ರದಿಂದ ಆಡಿಸುವ ದೊಡ್ಡ ವೇಷ ಕಟ್ಟಿದರು. 2021ರ ಸಿನಿಮಾದಲ್ಲಿ ಅವನು ಪೂರ್ತಿ ಕಂಪ್ಯೂಟರಿನಲ್ಲೇ ಹುಟ್ಟಿದ.

ಸೋಲಿಸುವುದು ಯಾಕೆ ಇಷ್ಟು ಕಷ್ಟ?

ಹುಡುಗ ಹೇಳುವುದು "ಗೋರೋ ಚೀಟಿಂಗ್ ಮಾಮ" ಅಂತ. ಅವನ ಮಾತಿನಲ್ಲಿ ನಿಜ ಇದೆ.

ಮೊದಲನೆಯದು ಬಲ. ಉಳಿದ ಎದುರಾಳಿಗಳನ್ನು ಹಿಡಿದು ಎತ್ತಿ ಬಿಸಾಡಬಹುದು. ಗೋರೋನನ್ನು ಆಗುವುದಿಲ್ಲ. ಅವನು ಮಾತ್ರ ನಮ್ಮನ್ನು ಎರಡು ಕೈಯಲ್ಲಿ ಹಿಡಿದು, ಇನ್ನೆರಡು ಕೈಯಲ್ಲಿ ಕುಟ್ಟುತ್ತಾನೆ. ದೂರ ಹೋದರೆ ಬೆಂಕಿಯ ಉಂಡೆ ಎಸೆಯುತ್ತಾನೆ.

ಎರಡನೆಯದು ಹೊತ್ತಿನ ಲೆಕ್ಕ. ಇದನ್ನು ಸ್ವಲ್ಪ ನಿಧಾನಕ್ಕೆ ನೋಡಬೇಕು. ಪರದೆಯ ಮೇಲೆ ಕಾಣುವ ಪ್ರತಿ ಚಿತ್ರಕ್ಕೆ ಫ್ರೇಮ್ ಅನ್ನುತ್ತಾರೆ. ಈಗಿನ ಹೋರಾಟದ ಆಟಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 60 ಫ್ರೇಮ್. ನಮ್ಮ ಕಣ್ಣು ಏನನ್ನೋ ಕಂಡು, ಮೆದುಳಿಗೆ ಮುಟ್ಟಿ, ಬೆರಳು ಅಲುಗಲು ಸುಮಾರು ಕಾಲು ಸೆಕೆಂಡ್ ಬೇಕು. ಅಂದರೆ 15 ಫ್ರೇಮ್. ಆದರೆ ಒಂದು ಚುರುಕಾದ ಗುದ್ದು 10 ಫ್ರೇಮಿನೊಳಗೇ ಬಂದು ತಾಗುತ್ತದೆ. ಲೆಕ್ಕ ನೋಡಿ: ಗುದ್ದನ್ನು ನೋಡಿ ಆಮೇಲೆ ತಡೆಯೋಣ ಅಂದರೆ ಆಗುವ ಮಾತೇ ಅಲ್ಲ. ಮನುಷ್ಯ ಮನುಷ್ಯನ ಜೊತೆ ಆಡುವಾಗ ಇಬ್ಬರೂ ಊಹೆಯ ಮೇಲೆಯೇ ಆಡುತ್ತಾರೆ. ಕಬಡ್ಡಿಯಲ್ಲಿ ರೈಡರ್ ಯಾವ ಕಡೆ ವಾಲುತ್ತಾನೆ ಅಂತ ಮೊದಲೇ ಅಂದಾಜು ಮಾಡುವ ಹಾಗೆ.

ಯಂತ್ರಕ್ಕೆ ಊಹೆ ಬೇಕಾಗಿಲ್ಲ. ಅದು ಪರದೆ ನೋಡುವುದೇ ಇಲ್ಲ. ನಾವು ಒತ್ತಿದ ಗುಂಡಿ ಮೊದಲು ತಲುಪುವುದೇ ಅದಕ್ಕೆ. ನಮ್ಮ ಪಾತ್ರ ಕಾಲು ಎತ್ತುವ ಮೊದಲೇ "ಇವನು ಒದೆಯಲು ಹೊರಟ" ಅಂತ ಅದಕ್ಕೆ ತಿಳಿದಿರುತ್ತದೆ. ಇಸ್ಪೀಟಿನಲ್ಲಿ ನಿಮ್ಮ ಕೈಯ ಎಲೆ ಎದುರಿನವನಿಗೆ ಕಾಣುವ ಹಾಗೆ ಕೂತಂತೆ. ಬೇಕಾದಾಗ ನೋಡಿ, ಬೇಡವಾದಾಗ ನೋಡದ ಹಾಗೆ ನಟಿಸುವಂತೆ ಅದಕ್ಕೆ ಹೇಳಿಕೊಡಬಹುದು. ಎಷ್ಟು ಸಲ ನಟಿಸಬೇಕು ಅನ್ನುವುದೇ ಆಟ ಸುಲಭವೋ ಕಷ್ಟವೋ ಅನ್ನುವುದರ ಒಂದು ದೊಡ್ಡ ಭಾಗ.

ಮೂರನೆಯದು ದುಡ್ಡು. ಆರ್ಕೇಡ್ ಯಂತ್ರದ ಮುಂದೆ ಒಬ್ಬ ಒಂದೇ ನಾಣ್ಯದಲ್ಲಿ ಒಂದು ಗಂಟೆ ನಿಂತರೆ ಅಂಗಡಿಯವನಿಗೆ ನಷ್ಟ. ಒಂದೇ ಟಿಕೆಟಿನಲ್ಲಿ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಸುರತ್ಕಲ್ಲಿಗೆ ದಿನವಿಡೀ ಹೋಗಿ ಬರುತ್ತಾ ಇದ್ದರೆ ಬಸ್ಸಿನವರು ಸುಮ್ಮನಿರುತ್ತಾರಾ? ಹಾಗಂತ ಶುರುವಿನಲ್ಲೇ ಸೋಲಿಸಿದರೆ ಯಾರೂ ಪುನಃ ಬರುವುದಿಲ್ಲ. ಮೊದಲ ಕೆಲವು ಪಂದ್ಯ ಗೆಲ್ಲಲು ಬಿಡಬೇಕು, ಹುಮ್ಮಸ್ಸು ಬರಿಸಬೇಕು, ಕೊನೆಗೆ ಅಡ್ಡ ಹಾಕಬೇಕು. ಸೋತ ಕೂಡಲೇ ಪರದೆಯಲ್ಲಿ ಅಂಕೆ ಇಳಿಯಲು ಶುರು. ಅದು ಸೊನ್ನೆ ಮುಟ್ಟುವ ಮೊದಲು ಇನ್ನೊಂದು ನಾಣ್ಯ ಹಾಕಿದರೆ ಅಲ್ಲಿಂದಲೇ ಮುಂದುವರಿಸಬಹುದು. ಇಲ್ಲದಿದ್ದರೆ ಬುಡದಿಂದ. ಗೋರೋನ ಎದುರು ಸೋತವನ ಕೈ ಜೇಬಿಗೆ ಹೋಗದೆ ಇರುತ್ತದಾ? ಯಂತ್ರದ ಒಳಗಿನ ಸೆಟ್ಟಿಂಗಿನಲ್ಲಿ ಆಟ ಎಷ್ಟು ಕಷ್ಟ ಇರಬೇಕು ಅಂತ ಅಂಗಡಿಯವನೇ ಬದಲಿಸಬಹುದಿತ್ತು ಅನ್ನುವುದು ಆಗ ಆಡುತ್ತಿದ್ದ ಹುಡುಗರಲ್ಲಿ ಜಾಸ್ತಿ ಜನಕ್ಕೆ ಗೊತ್ತೇ ಇರಲಿಲ್ಲ.

ಮನೆಯ ಟಿವಿಗೆ ನಾಣ್ಯ ಹಾಕುವುದಿಲ್ಲ. ಹಾಗಾಗಿ ಕಷ್ಟ ಎಷ್ಟಿರಬೇಕು ಅಂತ ಆಡುವವರೇ ಆರಿಸಿಕೊಳ್ಳಬಹುದು. ನಮ್ಮ ಹುಡುಗನಿಗೆ ಮಾತ್ರ ಕಡಿಮೆ ಮಾಡಲು ಮರ್ಯಾದೆಯ ಪ್ರಶ್ನೆ.

ಹಾಗಾದರೆ ಗೋರೋನ ಪಾತ್ರವನ್ನೇ ತೆಗೆದುಕೊಂಡು ಆಡಬಾರದಾ? ಮೊದಲ ಆಟದಲ್ಲಿ ಅದಕ್ಕೆ ಅವಕಾಶ ಇರಲಿಲ್ಲ. ಅವನು ನಮ್ಮ ಕೈಗೆ ಸಿಕ್ಕರೆ ಎದುರಿನವನಿಗೆ ಆಟವೇ ಉಳಿಯುವುದಿಲ್ಲ. 1996ರ 'ಟ್ರಿಲಜಿ'ಯಲ್ಲಿ, ಆಮೇಲೆ ನಾಲ್ಕನೆಯ ಆಟದ ಮನೆಯ ಆವೃತ್ತಿಯಲ್ಲಿ, 2015ರ 'ಎಕ್ಸ್'ನಲ್ಲಿ ಅವನನ್ನು ಆಡಲು ಕೊಟ್ಟರು. 'ಎಕ್ಸ್'ನಲ್ಲಿ ಮುಂಗಡ ಬುಕ್ ಮಾಡಿದವರಿಗೆ ಉಡುಗೊರೆಯಾಗಿ ಬಂದ.

ನೆಂಟರಿಷ್ಟರು

ಒಂದು ರಕ್ಕಸ ಗೆದ್ದರೆ ಅವನ ಬಳಗ ಬರದೆ ಇರುತ್ತದಾ? 1993ರ ಎರಡನೆಯ ಆಟದಲ್ಲಿ ಗೋರೋನ ಜಾಗಕ್ಕೆ ಕಿಂಟಾರೋ ಬಂದ. ಅವನೂ ನಾಲ್ಕು ಕೈಯ ಶೋಕಾನ್, ಆದರೆ ಮೈಮೇಲೆ ಹುಲಿಯ ಪಟ್ಟೆ. ಅವನನ್ನು ಮೊದಲು ಎರಡು ಕಾಲಲ್ಲಿ ನಡೆಯುವ ಹುಲಿಯಾಗಿಯೇ ಮಾಡಬೇಕು ಅಂತ ಇತ್ತು. ಅಂಥ ವೇಷ ತಯಾರಿಸುವುದು ತುಂಬ ಕಷ್ಟ ಅಂತ ಕೈಬಿಟ್ಟರಂತೆ. ಇದನ್ನು ಓದಿದಾಗ ನನಗೆ ನಗು ಬಂತು. ಅಷ್ಟಮಿಗೆ ಉಡುಪಿಗೋ ದಸರಾಕ್ಕೆ ಮಂಗಳೂರಿಗೋ ಒಂದು ಟಿಕೆಟ್ ತೆಗೆದಿದ್ದರೆ ತಾಸೆಯ ಸದ್ದಿಗೆ ಕುಣಿಯುವ ಎರಡು ಕಾಲಿನ ಹುಲಿಗಳು ಬೇಕಾದಷ್ಟು ಸಿಗುತ್ತಿದ್ದವು, ಮೈಗೆ ಬಣ್ಣ ಹಚ್ಚಿಕೊಂಡೇ.

1995ರ ಮೂರನೆಯ ಆಟದಲ್ಲಿ ಶೀವಾ ಬಂದಳು. ಶೋಕಾನ್ ಕುಲದ ಹೆಂಗಸು, ಹೆಣ್ಣು ಬಣ್ಣ ಅನ್ನಿ. ಅದೇ ಆಟದಲ್ಲಿ ಸೊಂಟದ ಕೆಳಗೆ ಕುದುರೆಯಂಥ ಮೈ ಇರುವ ಮೊಟಾರೋ ಬಾಸ್ ಆದ.

ರಕ್ತದ ವಿಷಯ

ಮಕ್ಕಳು ಆಡಬಹುದಾ ಅನ್ನುವುದು ಅಪ್ಪ ಅಮ್ಮಂದಿರ ಪ್ರಶ್ನೆ. ನಾಲ್ಕು ಕೈ ನೋಡಿ ಹೆದರುವವರು ಇದ್ದಾರೆ, ಆದರೆ ಈ ಸರಣಿ ಗಲಾಟೆ ಎಬ್ಬಿಸಿದ್ದು ಅದರಿಂದಲ್ಲ. ಗೆದ್ದವನು ಸೋತವನನ್ನು ಕ್ರೂರವಾಗಿ ಕೊಲ್ಲಬಹುದು. ಅದಕ್ಕೆ ಫೆಟಾಲಿಟಿ ಅನ್ನುತ್ತಾರೆ. 1993ರ ಸೆಪ್ಟೆಂಬರ್ 13ರಂದು ಆಟ ಮನೆಯ ಯಂತ್ರಗಳಿಗೆ ಬಂದಾಗ ನಿಂಟೆಂಡೊದವರು ಕೆಂಪು ರಕ್ತವನ್ನು ಬೂದು ಬಣ್ಣದ ಬೆವರಾಗಿ ಮಾಡಿಸಿದರು. ಸೆಗಾದವರ ಯಂತ್ರದಲ್ಲಿ ಒಂದು ಗುಪ್ತ ಕ್ರಮದಲ್ಲಿ ಗುಂಡಿ ಒತ್ತಿದರೆ ರಕ್ತ ಬರುತ್ತಿತ್ತು. ಆ ಕ್ರಮ ಮಕ್ಕಳ ಬಾಯಲ್ಲಿ ಮಗ್ಗಿಯಂತೆ ಓಡಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್‌ನಲ್ಲಿ ವಿಚಾರಣೆ ನಡೆಯಿತು. ಅದರ ಪರಿಣಾಮವಾಗಿ 1994ರಲ್ಲಿ ಆಟಗಳಿಗೆ ವಯಸ್ಸಿನ ಗುರುತು ಹಾಕುವ ಇಎಸ್‌ಆರ್‌ಬಿ ಮಂಡಳಿ ಹುಟ್ಟಿತು. ಡಬ್ಬಿಯ ಮೂಲೆಯಲ್ಲಿ 'ಎಂ' ಅಕ್ಷರ ಇದ್ದರೆ 17 ವರ್ಷ ಮತ್ತು ಮೇಲ್ಪಟ್ಟವರಿಗೆ ಅಂತ ಅರ್ಥ. ಮಾರ್ಟಲ್ ಕಾಂಬ್ಯಾಟಿನ ಹೆಚ್ಚಿನ ಹೋರಾಟದ ಆಟಗಳ ಮೇಲೆ ಇರುವುದು ಆ ಗುರುತೇ. ಈಗಿನ ಗೇಮ್ ಯಂತ್ರಗಳಲ್ಲಿ ಮಕ್ಕಳ ಖಾತೆಗೆ ವಯಸ್ಸಿನ ಮಿತಿ ಹಾಕುವ ಸೆಟ್ಟಿಂಗ್ ಇರುತ್ತದೆ. ನಮ್ಮ ಹುಡುಗನಿಗೆ ಹದಿನೇಳು ಆಗಿ ಎರಡು ತಿಂಗಳಾಯಿತು. ಡಬ್ಬಿಯ ಗುರುತನ್ನು ಅವನೇ ತೋರಿಸಿ ವಾದಿಸಿದ್ದಾನೆ.

ಗೆದ್ದ ಮೇಲೆ

ನಾಲ್ಕನೆಯ ದಿನ ಸಂಜೆ ಹುಡುಗ ಗೋರೋನನ್ನು ಬೀಳಿಸಿದ. ಉಪಾಯ ಹಳೆಯದೇ. ಹತ್ತಿರ ಹೋಗಬಾರದು, ಹಿಡಿದರೆ ಕೆಟ್ಟೆ. ದೂರ ನಿಂತು, ಹಾರಿ ಒದ್ದು, ಮತ್ತೆ ದೂರ. ಗಡಿಬಿಡಿ ಮಾಡದೆ ಅದನ್ನೇ ಇಪ್ಪತ್ತು ಸಲ. ನೋಡಲು ಏನೂ ಚೆಂದ ಇಲ್ಲ, ಆದರೆ ಪಟ್ಟಿ ಇಳಿಯುತ್ತದೆ. ಗೋರೋ ಬಿದ್ದಾಗ ಅಡುಗೆ ಮನೆಯಿಂದ ದೊಡ್ಡಮ್ಮನೂ ಬಂದರು.

ಮುಂದಿನ ಎದುರಾಳಿ ಬಂದ. ಬಿಳಿ ಗಡ್ಡದ ಬಡಕಲು ಮುದುಕ. ಶಾಂಗ್ ಸುಂಗ್.

"ಇವನನ್ನು ಹೊಡೆಯಲು ಎಂತ ಕಷ್ಟ? ಪಾಪ, ಅಜ್ಜ" ಅಂದರು ದೊಡ್ಡಮ್ಮ.

ಮುದುಕನ ಶಕ್ತಿ ಮೈಯಲ್ಲಲ್ಲ, ಮಾಯೆಯಲ್ಲಿ. ಆಟದೊಳಗಿನ ಯಾರ ರೂಪವನ್ನು ಬೇಕಾದರೂ ಅವನು ತಾಳಬಲ್ಲ. ಒಂದು ಕ್ಷಣ ಹಾಗೇ ನಿಂತ. ಮರುಕ್ಷಣ ಅಲ್ಲಿ ಮುದುಕ ಇರಲಿಲ್ಲ. ಜುಟ್ಟು ಬಂತು, ನಾಲ್ಕು ಕೈ ಬಂತು.

"ಅಯ್ಯೋ ದೇವರೇ, ಪುನಃ ಬಂದನಾ ಇವನು!" ಅಂತ ದೊಡ್ಡಮ್ಮ ಹಪ್ಪಳದ ತಟ್ಟೆ ಸಮೇತ ಸೋಫಾದಲ್ಲಿ ಕೂತರು.